ಹಲ್ಲಿಗೆ ಕೇಳಿದ್ದು

ವಿಲ್ಸನ್ ಗಾರ್ಡನ್ ಸ್ಮಶಾನದ ಕಾಂಪೌಂಡಿಗೆ ಒರಗಿದಂತೆ
ನಿಂತುಬಿಟ್ಟಿತು ತೊಂಬತ್ತೊಂಬತ್ತರ ಸ್ವರಾಜ್ ಮಜ್ದಾ.
ಮಾರ್ಚ್ ತಿಂಗಳು. ಹನ್ನೊಂದೂಕಾಲು.
ಹಿಂದೆ, ಹೊಟ್ಟಿನಲ್ಲಿ ಗೋಣಿ ಹೊದ್ದು
ಇಪ್ಪತ್ತೆರಡು ಐಸು ಗಡ್ಡೆ:
ಶಿವಾಜಿನಗರದ ಮೀನಿಗೆ ಹದಿನಾರು,
ಉಳಿದವು ಕಬ್ಬಿನ ಹಾಲಿನ ಗಾಡಿಗಳಿಗೆ.

ಕೀ ತಿರುಗಿಸಿದರೆ ಸ್ಟಾರ್ಟರು ಮಾತ್ರ ಗರಗರ.
ಅದಕ್ಕೂ ಮುಂಚೆ ಟ್ಯಾಂಕಿನ ಪಕ್ಕದಿಂದ
ಸಣ್ಣದೊಂದು ಗುಂಯ್ ಬರಬೇಕು,
ದೇವರ ಗೂಡಿನ ಮುಂದೆ ಯಾರೋ
ತುಟಿಯೊಳಗೇ ಅಂದುಕೊಂಡ ಹಾಗೆ.
ಕೈಪಂಪು ಕಿತ್ತು ಕರೆಂಟಿನದು ಕೂರಿಸಿದವನು ಹಳೇ ಓನರು.
ಯಾಕಪ್ಪಾ ಅಂತ ಕೇಳೋಣವೆಂದರೆ
ಅವನು ಇದೇ ಕಾಂಪೌಂಡಿನ ಒಳಗಿದ್ದಾನೆ.

ಗುಂಯ್ ಇಲ್ಲ.

ಸಿದ್ದಾಪುರದಿಂದ ಸ್ಕೂಟರಲ್ಲಿ ಬಂದ ಜಬೀಉಲ್ಲಾ,
ಎರಡೂ ಕಿವಿ ಮುಕ್ಕಾಲು ಹೋದ ಮೇಸ್ತ್ರಿ.
ಚಾಸಿಯ ಕೆಳಗೆ ಅಂಗಾತ ಮಲಗಿ
ಉದ್ದ ಸ್ಕ್ರೂಡ್ರೈವರಿನ ತುದಿ ಪಂಪಿಗಿಟ್ಟು
ಹಿಡಿಯನ್ನು ಹಲ್ಲಲ್ಲಿ ಕಚ್ಚಿ ಕಣ್ಣು ಮುಚ್ಚಿದ.
ಕೈಸನ್ನೆ. ಕೀ ಹಾಕಿದೆ. ತೆಗೆದೆ. ಹಾಕಿದೆ.
"ತಿರುಗ್ತಿಲ್ಲ."

ಫ್ಯೂಸನ್ನು ಬಿಸಿಲಿಗೆ ಹಿಡಿದು ನೋಡಿದ, ತಂತಿ ಸರಿಯಿತ್ತು.
ರಿಲೇ ಟಿಕ್ಕೆಂದಿತು; ನನಗೆ ಕೇಳಿತು,
ಅವನು ಬೆರಳಿಟ್ಟು ತಿಳಿದ.
ಟೆಸ್ಟ್ ಲ್ಯಾಂಪಿನ ಕ್ಲಿಪ್ಪು ಬ್ಯಾಟರಿಯ ಮೈನಸ್ಸಿಗೆ,
ಸೂಜಿ ಪಂಪಿನ ಕೆಂಪು ವೈರಿಗೆ.
ಹಾಡುಹಗಲಲ್ಲೂ ಕಾಣುವಷ್ಟು ಉರಿಯಿತು ಬಲ್ಬು.
"ಕರೆಂಟು ಬಾಗಿಲ ತನಕ ಬಂದಿದೆ.
ಒಳಗಿರೋನು ಎದ್ದಿಲ್ಲ ಅಂದರೆ ಮುಗೀತು."

ಮುಗೀತು ಅಂದಮೇಲೆ ಜೆ.ಸಿ. ರೋಡು.
ಏಳುಮಲೈಯನ್ನು ಐಸಿಗೆ ಕಾವಲಿಟ್ಟು ಹೊರಟೆವು,
ನನ್ನ ತೊಡೆಯ ಮೇಲೆ ಹಳೇ ಪಂಪು,
ಪ್ಯಾಂಟಿಗಿಳಿಯುವ ಡೀಸೆಲ್ಲು.
ಅಂಗಡಿಯ ಭವರಲಾಲ್ ಅದನ್ನು ಮುಟ್ಟಲೂ ಇಲ್ಲ.
"ಒರಿಜಿನಲ್ಲು ಮೂರು ಸಾವಿರದ ಇನ್ನೂರು.
ಒರಿಜಿನಲ್ ಥರದ್ದು ಸಾವಿರದ ನೂರು."
ತಲೆಯ ಮೇಲೆ ಬೋರ್ಡು:
ಎಲೆಕ್ಟ್ರಿಕಲ್ ಸಾಮಾನು ವಾಪಸ್ ತೆಗೆದುಕೊಳ್ಳುವುದಿಲ್ಲ.
ಒರಿಜಿನಲ್ಲೇ ಕೊಂಡೆ, ಹೆದರಿಕೆಗೆ.

ಬಂದು ನೋಡಿದರೆ ಗಾಡಿಯ ಕೆಳಗೊಂದು ತೊರೆ.
ಸ್ಮಶಾನದ ಬಾಗಿಲಲ್ಲಿ ಹಾರ ಮಾರುವಾಕೆ
ಅದರಲ್ಲೇ ಕೈ ಅದ್ದಿ ಸೇವಂತಿಗೆಗೆ ಚಿಮುಕಿಸುತ್ತಿದ್ದಳು.
ಟ್ರಾಫಿಕ್ಕಿನವನು ಒಂದು ಚೂರು ಇಸಕೊಂಡು
ಕರ್ಚೀಫಲ್ಲಿ ಸುತ್ತಿ ಟೋಪಿಯೊಳಗಿಟ್ಟು
ಬೇಗ ತೆಗೀರಿ ಅಂದು ಹೋದನಂತೆ.
"ಅಣ್ಣಾ, ಎರಡು ಗಡ್ಡೆ ಅಂಟಿಕೊಂಡು ಒಂದಾಗಿವೆ," ಅಂದ ಏಳುಮಲೈ,
ಅದೊಂದು ಸುದ್ದಿ ಅನ್ನುವ ಹಾಗೆ.

ಬಾಣದ ಗುರುತು ಇಂಜಿನ್ನಿನ ಕಡೆಗೆ. ಹೊಸ ಪೈಪು, ಹೊಸ ಕ್ಲಿಪ್ಪು.
ಕೀ ಹಾಕಿದೆ.
ಮೌನ.
ಈ ಸಲ ಮೂರು ಸಾವಿರದ ಇನ್ನೂರರದು.

ಜಬೀಉಲ್ಲಾ ಬಹಳ ಹೊತ್ತು ಹಿಡಿ ಕಚ್ಚಿಕೊಂಡೇ ಇದ್ದ.
ಆಮೇಲೆ ಲ್ಯಾಂಪನ್ನು ಕೆಂಪಿಗೂ ಕಪ್ಪಿಗೂ ನಡುವೆ ಹಿಡಿದ.
ಉರಿಯಲಿಲ್ಲ.
ಅವನ ಕೈ ಕಪ್ಪು ವೈರಿನ ಗುಂಟ ನಡೆಯಿತು, ಕತ್ತಲಲ್ಲಿ ಗೋಡೆ ಹಿಡಿದವನಂತೆ,
ಚಾಸಿಗೆ ಬಿಗಿದ ಅರ್ತಿನ ಬೋಲ್ಟಿನ ತನಕ.
ಉಗುರಿಗೆ ಬಂತು ಬೆಳ್ಳಗಿನ ಪುಡಿ, ಹಸಿರು ಅಂಚು.
ನಾಲಿಗೆಗೆ ಇಟ್ಟುಕೊಂಡು
ಉಗುಳಿ ಅಂದ: "ಉಪ್ಪು."

ಫ್ಯಾಕ್ಟರಿಯ ತೊಟ್ಟಿಯಿಂದ ಐಸಿನ ಮೈಗಂಟಿ ಬಂದ ಉಪ್ಪು,
ಹಲಗೆಯ ಸಂದಿಯಲ್ಲಿ ತೊಟ್ಟಿಕ್ಕಿ ತೊಟ್ಟಿಕ್ಕಿ
ಒಂಬತ್ತು ವರ್ಷ
ನಾನು ಹೊತ್ತದ್ದೇ ನನ್ನ ಬೋಲ್ಟನ್ನು ತಿಂದಿತ್ತು.
ಉಪ್ಪಿಗೆ ಉಪ್ಪುಕಾಗದ. ತಿಕ್ಕಿದ, ಕಬ್ಬಿಣ ಬಿಳುಚುವಷ್ಟು.

ಗುಂಯ್.

ಫಿಲ್ಟರಿನ ತಿರುಪು ಸಡಿಲಿಸಿ ಗಾಳಿ ಬಿಟ್ಟೆವು,
ನೊರೆ ನಿಂತು ಡೀಸೆಲ್ಲು ತಿಳಿಯಾಗುವ ತನಕ.
ಇಂಜಿನ್ನು ಕೆಮ್ಮಿ ಎದ್ದಿತು.
ಸುಮ್ಮನಿರಬಹುದಿತ್ತು; ಮನಸ್ಸು ತಡೆಯದೆ
ಹಳೇ ಪಂಪಿನ ಎರಡು ವೈರು ಬ್ಯಾಟರಿಗೆ ಮುಟ್ಟಿಸಿದೆ.
ಅದೂ ಗುಂಯ್ ಅಂದಿತು, ಅಂಗೈಯಲ್ಲಿ.

ಜಬೀಉಲ್ಲಾ ಸ್ಕ್ರೂಡ್ರೈವರ್ ಒರೆಸುತ್ತಲೇ ಇದ್ದ.
"ಹಲ್ಲು ಸುಳ್ಳು ಹೇಳಲಿಲ್ಲ.
ತಿರುಗ್ತಿಲ್ಲ ಅಂತು, ಅಷ್ಟೆ.
ಸತ್ತಿದೆ ಅಂದೋನು ನಾನು."
ಪೆಟ್ರೋಲಿನ ಕಾಸು ಮಾತ್ರ ತಗೊಂಡ.

ಹದಿನಾರರಲ್ಲಿ ಎಷ್ಟು ಮೀನಿಗೆ ಮುಟ್ಟಿತು ಕೇಳಬೇಡಿ.
ಬನಿಯನ್ನಲ್ಲಿ ಸುತ್ತಿದ ಹಳೇ ಪಂಪು ಸೀಟಿನ ಕೆಳಗೆ
ಹಂಪು ಬಂದಾಗೆಲ್ಲ ಉರುಳಿ ಹಿಮ್ಮಡಿಗೆ ತಾಕುತ್ತಿತ್ತು.
ರಿಚ್ಮಂಡ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ
ಸ್ಟೀರಿಂಗಿಗೆ ಗದ್ದ ಊರಿದೆ.
ದವಡೆಯೊಳಗೆ, ಇಂಜಿನ್ನಿನ ಗದ್ದಲದ ಅಡಿಯಲ್ಲಿ,
ಇದೆಯೋ ಇಲ್ಲವೋ ಅನ್ನುವಂತೆ —

"ಅಣ್ಣಾ," ಅಂದ ಏಳುಮಲೈ,
"ನಿದ್ದೆನಾ? ಹಸಿರು ಬಿತ್ತು."