ಹೆಪ್ಪು

ಹಳೇ ಮಷಿನ್ನು ಕೂಗತಿತ್ತು.
ಒಳಗಿನ ಪಂಖಾ ಅಕ್ಕಲಕೋಟದ ಧೂಳು ಕುಡದು ಕುಡದು
ಹಿಟ್ಟಿನ ಗಿರಣಿ ಹಂಗ ಆಗಿತ್ತು.
ಅದರ ಮ್ಯಾಲೆ ದನಿ ಏರಿಸೇ ನಾವು ಮಾತಾಡೂದು;
ಗಿರಾಕಿ ಬಂದ್ರ, ಗಂಡ-ಹೆಂಡತಿ ಜಗಳ ನಡದದ
ಅಂತ ಹೊರಗಽ ನಿಲ್ಲತಿದ್ರು.

ಹೊಸದು ಸುಮ್ಮನದ.
ಸೊಲ್ಲಾಪುರದಿಂದ ಬಂದ ಲೋಖಂಡೆ ಅನ್ನೂ ಹುಡುಗ
ಪೆಟ್ಟಿಗಿ ಬಿಚ್ಚತಾ ಮರಾಠಿಯೊಳಗ ಹೇಳಿದ:
ಇಷ್ಟು ವರ್ಷ ಕಂಪನಿಯವರು ಮಂದಿ ಚಿಪ್ ತಂದು ಕೂಡಸ್ತಿದ್ರು,
ಈಗ ತಮ್ಮದಽ ಮಾಡ್ಯಾರ. ಕಾಯಂಗಿಲ್ಲ, ಸಪ್ಪಳಿಲ್ಲ.

ನನಗ ಬಾಜೂಮನಿ ಭೌರವ್ವ ನೆನಪಾದ್ಲು.
ವಾಟಗ ಹಿಡಕೊಂಡು ದಿನಾ ಸಂಜಿಗೆ ಬಾಗಿಲಿಗೆ,
"ಒಂದ್ ಚಮಚ ಹೆಪ್ಪು ಕೊಡಽ ಮಹಾನಂದಾ."
ಹಾಲು ಆಕೀದು, ಹುಳಿ ನಮ್ಮದು.
ಒಂದಿನ ಬರಲಿಲ್ಲ. ಮರುದಿನಾನೂ.
ಮೆಣಸಿನಕಾಯಿ ತೊಟ್ಟು ಹಾಕಿ
ತಾನಽ ಹೆಪ್ಪು ಹುಟ್ಟಿಸಿದ್ಲಂತ.
ಚಲೋ ಆತು ಅಂದೆ.
ಸಂಜಿಗೆ ಮಾತ್ರ ಕಿವಿ ಬಾಗಿಲ ಕಡೆ.

"ಹಳೇ ಚಿಪ್ಪಿಗೆ ಬರದಿಟ್ಟ ನಮ್ಮ ಕನ್ನಡದ ಸಾಫ್ಟ್‌ವೇರ್?"
"ಒಳಗ ಒಬ್ಬ ದುಭಾಷಿ ಇದ್ದಾನ ತಾಈ,
ಹಳೇದು ಅಂದದ್ದನ್ನ ಹೊಸದಕ್ಕ ತಿಳಿಸಿ ಹೇಳತಾನ.
ಎರಡೋ ಮೂರೋ ವರ್ಷ. ಆಮ್ಯಾಲೆ ತಗೀತಾರ."

ನಕ್ಕೆ. ಯಾಕಂತ ಅವಗ ತಿಳೀಲಿಲ್ಲ.
ತಹಶೀಲ ಕಚೇರ್ಯಾಗ ಹೊಲದ ಉತಾರಿ ಕೇಳಾಕ
ಅವ್ವನ ಬಾಜೂಕ ನಿಂತಾಕಿ ನಾನು, ಎಂಟು ವರ್ಷದಾಕಿ.
ಆಕಿ ಕನ್ನಡ ಅವರಿಗೆ, ಅವರ ಮರಾಠಿ ಆಕಿಗೆ,
ಎರಡೂ ಕಡೆ ಬೈಗಳದಾಗ ಅರ್ಧ ನುಂಗಿ
ಉಳದದ್ದು ದಾಟಸ್ತಿದ್ದೆ.
ನನ್ನ ಯಾರೂ ತಗೀಲಿಲ್ಲ.
ಅವ್ವನಽ ಹ್ವಾದ್ಲು.

ಹೊಸದರ ಮೊದಲನೇ ಕೆಲಸ, ನಾಗಣಸೂರಿನ ಲಗ್ನಪತ್ರಿಕಿ.
ವರನ ಹೆಸರು ಲಕ್ಷ್ಮೀಪುತ್ರ.
ದುಭಾಷಿ ಅಲ್ಲೇ ಮುಗ್ಗರಿಸಿದ:
ಕ ಒಂದು ಕಡೆ, ಷ ಒಂದು ಕಡೆ,
ಮ-ಒತ್ತು ಸಾಲಿನ ಕೆಳಗ
ಬಸ್ಸು ತಪ್ಪಿಸಿಕೊಂಡವನ ಹಂಗ.
ಮರಾಠಿ ಬಾಜೂ ಒಂದಕ್ಷರ ಅಲಗಿರಲಿಲ್ಲ.

ವರನ ಕಾಕಾ ಪ್ರೂಫ್ ಹಿಡದು
ಕನ್ನಡಕ ಏರಿಸಿದ, ಇಳಿಸಿದ.
"ಇವ ಯಾರಽ?" ಅಂದ.

ಮೂಲಿಯೊಳಗಿನ ಹಳೇದರ ಮ್ಯಾಲಿನ ಅರಿವಿ ತಗದೆ.
ಅದರೊಳಗೂ ಮಂದಿ ಚಿಪ್ಪಽ, ಗೊತ್ತದ.
ಗುಂಡಿ ಒತ್ತಿದೆ. ತಡಾ ಮಾಡಿ ಕೂಗಾಕ ಹತ್ತಿತು.

"ಏನಂದಿ?" ಒಳಗಿಂದ ನನ್ನ ಗಂಡ ಒದರಿದ.

ನಾ ಏನೂ ಅಂದಿರಲಿಲ್ಲ.
ಲಕ್ಷ್ಮೀಪುತ್ರ, ಐದುನೂರು ಪ್ರತಿ.