ಮೂರನೆಯ ಪಾಳಿ

ವೂಚ್ ನಗರದ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಒಂದು ಗಾಜಿನ ಕೋಣೆ. ಮಂಚ, ಕುರ್ಚಿ,
ತಟ್ಟೆ ತೂರಿಸಲು ಎರಡು ಬಾಗಿಲ ಕಿರುಕಂಡಿ.
ಒಳಹೋಗುವ ಗಾಳಿಗೆ ಲೆಕ್ಕ, ಹೊರಬರುವ ಗಾಳಿಗೂ ಲೆಕ್ಕ.
ನಾನು ಆ ಲೆಕ್ಕದ ರಾತ್ರಿ ಗುಮಾಸ್ತ.

ಒಳಗೆ ಬೊಗುಮಿಲಾ. ಅರವತ್ತಮೂರು ವರ್ಷ, ನೂರ ಹನ್ನೆರಡು ಕಿಲೋ.
ನೂಲಿನ ಗಿರಣಿಗೆ ಬೀಗ ಬೀಳುವ ತನಕ
ಅಲ್ಲಿ ಹದಿನೆಂಟು ವರ್ಷ, ಸರದಿಯಂತೆ ಮೂರೂ ಪಾಳಿ.
ಮೊದಲ ದಿನ ತೂಕದ ಯಂತ್ರದ ಮೇಲೆ ನಿಂತು ಹೇಳಿದಳು:
"ಆಗ ನಾನು ಕಡ್ಡಿ.
ತಿನ್ನುತ್ತಿದ್ದದ್ದೂ ಇದನ್ನೇ."

ಎರಡು ವಾರ ಹಿಟ್ಟು, ಎರಡು ವಾರ ಕೊಬ್ಬು.
ಕ್ಯಾಲೊರಿ ಒಂದೇ, ತಟ್ಟೆ ಬೇರೆ.
ಮೊದಲು ಬಿಳಿ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಪ್ಲಮ್ ಜಾಮು;
ಆಮೇಲೆ ಈರುಳ್ಳಿಯೊಡನೆ ಕರಗಿಸಿದ ಹಂದಿಕೊಬ್ಬು,
ಹುಳಿಕೆನೆ, ಮೊಟ್ಟೆ, ಉಪ್ಪಲ್ಲಿ ನೆನೆದ ಹೆರಿಂಗ್ ಮೀನು,
ಬ್ರೆಡ್ಡು ಮಾತ್ರ ಹೆಬ್ಬೆರಳಿನಷ್ಟು.
ಉಳಿದ ತುಣುಕನ್ನೂ ತೂಗುತ್ತೇವೆ.
ಚಮಚ ನೆಕ್ಕಲೇಬೇಕು, ಅದು ನಿಯಮ.

ಉಸಿರಿಗೆ ಸಾಲಗಾರರ ಭಾಷೆ ಗೊತ್ತು, ನಾನು ಅವಳಿಗೆ ವಿವರಿಸಿದೆ:
ಹಿಟ್ಟು ಉರಿದಾಗ ಹತ್ತು ಪಡೆದು ಹತ್ತೂ ಹಿಂದಿರುಗಿಸುತ್ತದೆ,
ಕೊಬ್ಬು ಉರಿದಾಗ ಹತ್ತು ಪಡೆದು ಏಳೇ ಕೊಡುತ್ತದೆ,
ಮಿಕ್ಕ ಮೂರು ನೀರಲ್ಲಿ ಹೋಯಿತು.
"ನಮ್ಮತ್ತೆಯ ಹಾಗೆ," ಅಂದಳು, ಗಾಜಿನಾಚೆ ನಕ್ಕಳು.
ನಕ್ಕದ್ದೂ ನನ್ನ ಗೆರೆಯಲ್ಲಿ ಸಣ್ಣ ಗುಬ್ಬಿ.

"ಕೊನೆಗೆ ಯಾರು ಕಳ್ಳ? ಬ್ರೆಡ್ಡೋ, ಕೊಬ್ಬೋ?"
ಡಾಕ್ಟರ್ ಯೊಲಾಂತಾ ಎರಡು ಕೊಳವೆ ಹಿಡಿದು ಬೆಳಕಿಗೆ ತೋರಿಸಿದರು.
ಬ್ರೆಡ್ಡಿನ ನಂತರದ್ದು ತಿಳಿ, ಜೇನಿನ ಬಣ್ಣ,
ಆದರೆ ಅದರೊಳಗಿನ ಸಕ್ಕರೆ ಮಾಳಿಗೆ ಹತ್ತಿ
ಇಳಿಯುವ ಮೆಟ್ಟಿಲು ಮರೆತಿದೆ.
ಕೊಬ್ಬಿನ ನಂತರದ್ದರಲ್ಲಿ ಸಕ್ಕರೆ ಸುಮ್ಮನಿದೆ,
ರಕ್ತದ ನೀರು ಮಾತ್ರ ಅಕ್ಕಚ್ಚಿನಂತೆ ಬೆಳ್ಳಗೆ.
"ಇಬ್ಬರ ಸಾಕ್ಷಿಯೂ ನಿಜ," ಎಂದರು ಡಾಕ್ಟರ್,
"ಮನೆ ಹಳೆಯದು, ಬಾಗಿಲು ತುಕ್ಕು ಹಿಡಿದಿದೆ."
ಬೊಗುಮಿಲಾ ತನ್ನ ಮೊಣಕೈಯ ಹತ್ತಿಯುಂಡೆ ಒತ್ತಿಕೊಂಡಳು:
ಹಾಗಾದರೆ ಎಣ್ಣೆ ಎಲ್ಲಿಗೆ ಹಾಕುತ್ತೀರಿ?

ನಾನು ನೋಡುವುದು ರಾತ್ರಿಗಳನ್ನು.
ದೀಪ ಆರಿದ ಮೇಲೆ ಸಾಮಾನ್ಯವಾಗಿ ಮೈಯೊಳಗೆ ಪಾಳಿ ಬದಲು:
ಹಿಟ್ಟು ಚೀಟಿ ಒತ್ತಿ ಮನೆಗೆ ಹೋಗುತ್ತದೆ,
ಕೊಬ್ಬು ಟೋಪಿ ಹಾಕಿ ಬರುತ್ತದೆ,
ಗೆರೆ ಮೆಲ್ಲಗೆ ಇಳಿಯುತ್ತದೆ.
ಹಿಟ್ಟಿನ ವಾರಗಳಲ್ಲಿ ಅವಳ ಗೆರೆ ಇಳಿಯಲಿಲ್ಲ.
ಹಗಲಿನವರು ಯಂತ್ರ ಬಿಟ್ಟು ಕದಲುವುದಿಲ್ಲ,
ರಾತ್ರಿಯವರು ಗೇಟಿನಾಚೆ, ಹಿಮದಲ್ಲಿ,
ಉಗ್ರಾಣದ ತುಂಬ ಸೌದೆ ಇಟ್ಟುಕೊಂಡು ಕಾಯುತ್ತಾರೆ.

ಹನ್ನೊಂದನೆಯ ರಾತ್ರಿ, ಮೂರು ಗಂಟೆ ಹತ್ತು ನಿಮಿಷ.
ಗೆರೆ ಜಿಗಿಯಿತು. ಕೊಳವೆ ಸೋರಿತೆಂದು ಎದ್ದೆ.
ಇಲ್ಲ. ಅವಳು ಎದ್ದು ನಡೆಯುತ್ತಿದ್ದಳು,
ಗೋಡೆಯಿಂದ ಗೋಡೆಗೆ, ಬರಿಗಾಲಲ್ಲಿ,
ಅತ್ತ ಇತ್ತ ಕೈಚಾಚಿ ಏನನ್ನೋ ಹಿಡಿದು,
ಹೆಬ್ಬೆರಳು ತೋರುಬೆರಳ ನಡುವೆ ಒಂದು ಹೊಸೆತ,
ಬಿಟ್ಟು ಮುಂದಕ್ಕೆ.
ಕಡಿದ ಎಳೆಗಳನ್ನು ಸೇರಿಸುತ್ತಿದ್ದಳು.
ಅವು ಎಷ್ಟು ಕಡಿಯುತ್ತಿದ್ದವು! ಒಂದೂ ತಪ್ಪಲಿಲ್ಲ ಅವಳಿಗೆ.

ಗಂಟೆ ಒತ್ತಿ ಮಲಗಿಸಬೇಕಿತ್ತು.
ನನ್ನ ಬೆರಳು ಗುಂಡಿಯ ಮೇಲೆ, ಕಣ್ಣು ಪರದೆಯ ಮೇಲೆ.
ನಲವತ್ತು ನಿಮಿಷ ಆಯಿತು. ಗೆರೆ ಇಳಿಯತೊಡಗಿತು,
ಒಂಬತ್ತು ಬಿಟ್ಟು ಎಂಟೂವರೆ, ಎಂಟು,
ಯಾರೋ ಗೇಟು ತೆಗೆದಿದ್ದರು,
ಬೂಟಿನ ಹಿಮ ಒದರುತ್ತ ಒಬ್ಬೊಬ್ಬರೇ
ಕೊಬ್ಬಿನವರು ಒಳಗೆ ಬಂದರು.

ಬೆಳಿಗ್ಗೆ ಕೇಳಿದರೆ, "ಹೆಣದ ಹಾಗೆ ನಿದ್ದೆ," ಎಂದಳು,
ಕಂಡಿಯಿಂದ ಬ್ರೆಡ್ಡು ಎಳೆದುಕೊಂಡಳು.
ಚಟುವಟಿಕೆಯ ಕಾಲಮ್ಮಿನಲ್ಲಿ ನಾನು ಬರೆದೆ: ನೂಲುವುದು.
ಡಾಕ್ಟರ್ ಓದಿ, ಕನ್ನಡಕ ತೆಗೆದು, ಮತ್ತೆ ಓದಿ
ಆ ರಾತ್ರಿಯ ಮೇಲೆ ಪೆನ್ಸಿಲ್ ಗೀಟು ಎಳೆದರು.
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಪೆನ್ಸಿಲನ್ನೇ ಯಾಕೆ ಬಳಸಿದರೋ.
ಅವರ ಜೇಬಿನಲ್ಲಿ ಪೆನ್ನೂ ಇತ್ತು.