ನಾಲ್ಕು ಸೆಕೆಂಡು

ಬೋಟುಗಳು ಲಂಗರು ಹಾಕಿ ನಲವತ್ತೊಂದು ದಿನ.
ಬೈತಖೋಲದ ಐಸ್ ಫ್ಯಾಕ್ಟರಿ ಬಾಯಿ ಮುಚ್ಚಿದೆ.
ಈಗ ಪುರಸೊತ್ತಿದೆ, ಸದ್ದಿಲ್ಲ.
ಸದ್ದಿದ್ದಾಗ ಪುರಸೊತ್ತಿರಲಿಲ್ಲ.

ಮೇ ತಿಂಗಳ ಕೊನೆಗೆ, ಕೈಯ ಹೊಟ್ಟು ಒರೆಸಿಕೊಳ್ಳದೆ
ಮೊಬೈಲಿನಲ್ಲಿ ಹಿಡಿದಿಟ್ಟಿದ್ದೆ:
ಐಸ್ ಗಡ್ಡೆಯನ್ನು ಮಷೀನು ಅಗಿಯುವ
ನಾಲ್ಕು ಸೆಕೆಂಡು.
ಅದೇ ನಮ್ಮ ಡ್ರಮ್ಮು.

ಮೀನಿನ ವ್ಯಾನಿನೊಳಗೆ ಕೂತು
ಬಾಗಿಲೆಳೆದುಕೊಂಡರೆ ಥರ್ಮಾಕೋಲಿನ ಮೌನ,
ಬಂಗಡೆಯ ವಾಸನೆ.
ನೆಲ್ಸನ್ ಗಿಟಾರಿನ ದಪ್ಪ ತಂತಿಯನ್ನು
ಸಡಿಲಿಸಿ, ಇನ್ನೂ ಸಡಿಲಿಸಿ,
ತಂತಿಯೋ ಹಗ್ಗವೋ ಗೊತ್ತಾಗದಷ್ಟು ಸಡಿಲಿಸಿ
ಬಾರಿಸುತ್ತಾನೆ. ಸೀಳು ಬಿಟ್ಟ ಪರದೆಯ ಮೇಲೆ
ಕೆಂಪು ಗೀಟು ಜಿಗಿಯುತ್ತದೆ.
ಎಂಟು ಟ್ರ್ಯಾಕು ಪುಕ್ಕಟೆ.
ಒಂಬತ್ತನೆಯದಕ್ಕೆ ದುಡ್ಡು ಕೇಳುತ್ತದೆ ಆ್ಯಪು.

ತೊಂದರೆ ಒಂದೇ. ಮೂರನೇ ಸೆಕೆಂಡಿನಲ್ಲಿ
ಹಿಂದೆಲ್ಲೋ ಪುರ್ಸು ಮಾವ ಕೂಗಿದ್ದಾನೆ:
"ಚಾ ಬಂತ್ರೋ!"
ನರಕದ ಬಗ್ಗೆ ಬರೆದ ಹಾಡು;
ನಿಮಿಷಕ್ಕೆ ಹದಿನೈದು ಚಾ.

ಅಳಿಸಹೋದರೆ ಐಸೂ ಅಳಿಯುತ್ತದೆ.
ಕೊನೆಗೆ ನೆಲ್ಸನ್ ವೇಗವನ್ನು ಅರ್ಧಕ್ಕಿಳಿಸಿದ,
ಮತ್ತೆ ಅರ್ಧಕ್ಕೆ.
ಅಯ್ಯೋ, ಆ ದನಿ!
ಸಮುದ್ರದ ತಳ ಕೆರೆದುಕೊಂಡು ಏನೋ ಮೇಲೆ ಬಂದ ಹಾಗೆ
ಚಾ . . .

ತಿಂಗಳಿಡೀ ಅರಚಿ, ಉಪ್ಪುನೀರು ಮುಕ್ಕಳಿಸಿ
ನನ್ನ ಗಂಟಲಿಗೆ ಬಾರದೇ ಹೋದದ್ದು.

ನಿನ್ನೆ, ಬಲೆ ಹೊಲಿಯುತ್ತ ಕೂತಿದ್ದ ಮಾವನ ಕಿವಿಗೆ
ಇಯರ್‌ಫೋನಿನ ಸರಿಯಿರುವ ತುದಿ ಸಿಕ್ಕಿಸಿದೆ.
ಸೂಜಿ ನಿಲ್ಲಿಸಿ ಕೇಳಿದ. ಪೂರ್ತಿ ಕೇಳಿದ.
"ಯಾರೋ ಇವ? ಏನಾಗಿದೆ ಅವನಿಗೆ?"
ನಾವು ಸುಮ್ಮನಿದ್ದೆವು.
"ಪಾಪ," ಅಂದ, "ಮೊದಲು ಅವನಿಗೊಂದು
ಚಾ ಕೊಡಿಸ್ರೋ."